ಒಂದ್ಸಲ ಹಾಕಿಸಿಬಿಟ್ಟರೆ ಆಯ್ತು

ಮನೆ ಕಟ್ಟಿಸುವವರ ಕಿವಿಗೆ ಗೃಹಪ್ರವೇಶದ ಮಂತ್ರಕ್ಕಿಂತ ಹೆಚ್ಚು ಸಲ ಬೀಳುವ ಮಾತು ಇದು: ‘ಒಂದ್ಸಲ ಹಾಕಿಸಿಬಿಟ್ಟರೆ ಆಯ್ತು ಸಾರ್, ಆಮೇಲೆ ತಲೆನೋವೇ ಇಲ್ಲ.’ ಬೋರ್‌ವೆಲ್‌ನವನು ಹೇಳುತ್ತಾನೆ, ಯುಪಿಎಸ್‌ನವನು ಹೇಳುತ್ತಾನೆ, ಗೇಟು ಮಾಡುವವನು ಹೇಳುತ್ತಾನೆ. ಹೆಣ್ಣು ತೋರಿಸುವ ದಲ್ಲಾಳಿಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ. ಸೋಲಾರ್ ವಾಟರ್ ಹೀಟರ್ ಮಾರುವವನು ಮಾತ್ರ ಅದಕ್ಕೊಂದು ಬಾಲ ಸೇರಿಸುತ್ತಾನೆ: ‘ಆಮೇಲೆ ಜೀವನಪೂರ್ತಿ ಬಿಸಿನೀರು ಬಿಟ್ಟಿ.’

ಬಿಟ್ಟಿ ಎಂದರೆ ಕಿವಿ ನಿಮಿರದ ಮಧ್ಯಮವರ್ಗದ ಪ್ರಾಣಿಯನ್ನು ನಾನಿನ್ನೂ ಕಂಡಿಲ್ಲ. ಕನ್ನಡಿಯಲ್ಲಂತೂ ಕಂಡೇ ಇಲ್ಲ. ಸೂರ್ಯ ಯಾರಿಗೂ ಬಿಲ್ ಕಳಿಸುವವನಲ್ಲ, ಒಪ್ಪಿದೆ. ಆದರೆ ಸೂರ್ಯನಿಗೂ ನನ್ನ ಬೆನ್ನಿಗೂ ನಡುವೆ ಗಾಜು, ಸ್ಟೀಲು, ರಬ್ಬರು, ಪೈಪು, ಪ್ಲಂಬರು ಎಂದು ಒಂದು ದೊಡ್ಡ ಬಳಗವೇ ಇದೆ. ಆ ಬಳಗದಲ್ಲಿ ಯಾರೂ ಸೂರ್ಯನಷ್ಟು ಉದಾರಿಗಳಲ್ಲ.

ಬೆಂಗಳೂರಲ್ಲಿ ಸೋಲಾರ್ ಹಾಕಿಸುವುದು ಸಂಪೂರ್ಣ ನಮ್ಮಿಷ್ಟದ ವಿಷಯವೂ ಅಲ್ಲ. 2007ರ ಸುಮಾರಿಗೆ, ಇಷ್ಟು ಅಳತೆಗಿಂತ ದೊಡ್ಡ ಮನೆಗೆ ಸೋಲಾರ್ ಇಲ್ಲದಿದ್ದರೆ ಕರೆಂಟಿನ ಸಂಪರ್ಕವಿಲ್ಲ ಎಂಬ ನಿಯಮ ಬಂತು. ಹಾಕಿಸಿಕೊಂಡವರಿಗೆ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಎಂದೂ ಆಯಿತು. ಒಳ್ಳೆಯ ನಿಯಮವೇ. ಆದರೆ ನಮ್ಮ ಜನಕ್ಕೆ ನಿಯಮ ಕಂಡ ಕೂಡಲೇ ಏಳುವ ಪ್ರಶ್ನೆ ಒಂದೇ: ‘ಇದಕ್ಕೆ ಅತಿ ಅಗ್ಗದ್ದು ಯಾವುದು?’ ಬಾಡಿಗೆಗೆಂದೇ ಮನೆ ಕಟ್ಟಿಸುವವರನ್ನು ನೋಡಿ. ಸೋಲಾರ್ ಕೊಳ್ಳುವವನು ಒಬ್ಬ, ಅದರಡಿ ಮೀಯುವವನು ಇನ್ನೊಬ್ಬ. ಮೀಟರು ಬಂದ ದಿನಕ್ಕೇ ಮಾಲೀಕನ ಪಾಲಿಗೆ ಅದರ ಆಯುಸ್ಸು ಮುಗಿಯಿತು. ಆಮೇಲಿನ ಹದಿನೈದು ವರ್ಷ ಬಾಡಿಗೆಯವನ ಪಾಲು. ನಮ್ಮ ಬೀದಿಯ ತಾರಸಿಗಳ ಮೇಲೆ ಅರ್ಧ ಕೊಳವೆ ಒಡೆದು, ಪಾರಿವಾಳಕ್ಕೆ ಗೂಡಾಗಿ ನಿಂತಿರುವ ಸೋಲಾರ್‌ಗಳನ್ನೆಲ್ಲ ಎಣಿಸಿದರೆ ಈ ಒಪ್ಪಂದ ಎಷ್ಟು ಹಳೆಯದೆಂದು ಗೊತ್ತಾಗುತ್ತದೆ.

ಮನೆ ಕಟ್ಟುವ ಕಾಲದ ಮನಸ್ಸೇ ವಿಚಿತ್ರ. ಗ್ರಾನೈಟಿಗೆ ಲಕ್ಷ ಸುರಿಯುವಾಗ ನಡುಗದ ಕೈ, ಬಿಸಿನೀರಿನ ಪೈಪಿಗೆ ಉಣ್ಣೆಯಂಥ ಹೊದಿಕೆ ಸುತ್ತಲು ಎರಡು ಸಾವಿರ ಕೇಳಿದರೆ ನಡುಗುತ್ತದೆ. ‘ಅದೆಲ್ಲಾ ಬೇಕಾ?’ ಎಂದು ನಾನೂ ಕೇಳಿದೆ. ಪ್ಲಂಬರು ದೊಡ್ಡ ಮನಸ್ಸಿನವನು. ‘ನಿಮ್ಮಿಷ್ಟ ಸಾರ್’ ಎಂದ. ವಾಸ್ತುವಿನವರು ಬಂದು ನೀರಿನ ಟ್ಯಾಂಕು ನೈಋತ್ಯಕ್ಕೆ ಎಂದರು, ಸೋಲಾರ್ ಅದರ ಪಕ್ಕಕ್ಕೇ ಬಂತು. ಬಚ್ಚಲುಮನೆ ಮಾತ್ರ ಕೆಳಮಹಡಿಯಲ್ಲಿ ಇನ್ನೊಂದು ತುದಿಗೆ ಹೋಗಿ ಕೂತಿತು. ದಿಕ್ಕುಗಳಿಗೆಲ್ಲ ಸಮಾಧಾನವಾಯಿತು. ಪೈಪು ಮಾತ್ರ ಪ್ರದಕ್ಷಿಣೆ ಹಾಕುತ್ತ ಇಪ್ಪತ್ತು ಮೀಟರ್ ನಡೆಯಬೇಕಾಯಿತು.

ಮುಕ್ಕಾಲಿಂಚಿನ ಪೈಪು ಮೀಟರಿಗೆ ಕಾಲು ಲೀಟರಿಗಿಂತ ಕೊಂಚ ಹೆಚ್ಚು ನೀರು ಹಿಡಿಯುತ್ತದೆ. ಇಪ್ಪತ್ತು ಮೀಟರಿಗೆ ಐದೂವರೆ ಲೀಟರು ದಾಟಿತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಬರುವುದು ರಾತ್ರಿಯೆಲ್ಲ ಪೈಪಿನಲ್ಲಿ ಮಲಗಿ ತಣ್ಣಗಾದ ಈ ನೀರು. ಅದು ಹೋಗುವವರೆಗೆ ಬಿಸಿನೀರಿನ ದರ್ಶನವಿಲ್ಲ. ನಾಲ್ಕು ಜನ ನಾಲ್ಕು ಹೊತ್ತಿಗೆ ಮೀಯುವ ಮನೆಯಲ್ಲಿ ವರ್ಷಕ್ಕೆ ಎಂಟು ಸಾವಿರ ಲೀಟರ್. ನಮ್ಮ ಮನೆಯವರು ‘ರೀ, ಆ ನೀರು ಸುಮ್ನೆ ಬಿಡ್ಬೇಡಿ’ ಎಂದು ಒಂದು ಬಕೆಟ್ಟು ಇಟ್ಟಿದ್ದಾರೆ. ಅದು ಗಿಡಕ್ಕೆ ಹೋಗುತ್ತದೆ. ಸೋಲಾರ್‌ನಿಂದ ಅತಿ ಹೆಚ್ಚು ಲಾಭ ಪಡೆದವರು ಯಾರು ಎಂದರೆ ನಮ್ಮ ಮನೆಯ ದಾಸವಾಳ ಎನ್ನಬೇಕು.

ಸಂಪಿನಲ್ಲಿ ಕಾವೇರಿಯೂ ಬೋರ್‌ವೆಲ್ಲೂ ಒಟ್ಟಿಗೆ ಸಂಸಾರ ಮಾಡುತ್ತವೆ. ಬೋರ್‌ವೆಲ್ಲಿನ ನೀರು ಗಡಸು. ಗಡಸು ನೀರು ಬಿಸಿಯಾದರೆ ತನ್ನೊಳಗಿನ ಸುಣ್ಣವನ್ನು ಬಿಟ್ಟುಕೊಡುತ್ತದೆ, ಅದು ಕೊಳವೆಯ ಒಳಮೈಗೆ ಪದರ ಪದರವಾಗಿ ಅಂಟುತ್ತದೆ. ಸರ್ವೀಸಿಗೆ ಬಂದ ಹುಡುಗ ಕೊಳವೆ ಬಗ್ಗಿಸಿ ಹಿಡಿದಾಗ ಬಿಳಿಯ ಪುಡಿ, ಚಕ್ಕೆ, ಎಲ್ಲ ಸುರಿದವು. ಎಲೆ ಅಡಿಕೆಗೆ ಸಾಕಾಗುವಷ್ಟು ಸುಣ್ಣ ಬೋರ್‌ವೆಲ್ಲಿನಿಂದ ಉಚಿತವಾಗಿ ಬರುತ್ತಿತ್ತೆಂದು ನಮಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅದೇ ಹುಡುಗ ಟ್ಯಾಂಕಿನೊಳಗಿಂದ ಒಂದು ಕಡ್ಡಿ ತೆಗೆದು ತೋರಿಸಿದ. ಮೆಗ್ನೀಸಿಯಮ್ ಕಡ್ಡಿಯಂತೆ. ಟ್ಯಾಂಕಿಗೆ ಹಿಡಿಯಬೇಕಾದ ತುಕ್ಕನ್ನು ತಾನು ತೆಗೆದುಕೊಂಡು, ತಾನು ಸವೆದು, ಟ್ಯಾಂಕನ್ನು ಉಳಿಸುವುದೇ ಅದರ ಕಸುಬು. ಹೆಬ್ಬೆರಳಿನ ದಪ್ಪವಿದ್ದದ್ದು ತಂತಿಯಾಗಿತ್ತು. ಹೊಸದರ ಬೆಲೆ ಕೇಳಿದೆ. ಟ್ಯಾಂಕಿನ ಬೆಲೆಯ ಮುಂದೆ ಏನೂ ಅಲ್ಲ. ಆದರೆ ಇಂಥವನೊಬ್ಬ ಮಹಾತ್ಯಾಗಿ ನಮ್ಮ ತಾರಸಿಯ ಮೇಲಿದ್ದಾನೆ, ಕೆಲವು ವರ್ಷಕ್ಕೊಮ್ಮೆ ಅವನನ್ನು ಬದಲಿಸಬೇಕು ಎಂದು ಮಾರಿದವನು ಹೇಳಿರಲಿಲ್ಲ. ಹೇಳಿದ್ದರೆ ‘ತಲೆನೋವೇ ಇಲ್ಲ’ ಎನ್ನುವುದು ಅವನಿಗೂ ಕಷ್ಟವಾಗುತ್ತಿತ್ತು.

ಇನ್ನು ತೆಂಗಿನಕಾಯಿಯ ಪ್ರಕರಣ. ಪಕ್ಕದ ಮನೆಯವರ ಮರ ನಮ್ಮ ತಾರಸಿಯ ಕಡೆಗೆ ಬಾಗಿದೆ. ಮರ ನಮಗಿಂತ ಹಿರಿಯ, ಹಾಗಾಗಿ ನಾವು ಏನೂ ಅನ್ನುವಂತಿಲ್ಲ. ಒಂದು ಬೆಳಿಗ್ಗೆ ನಾನು ತಲೆಗೆ ಸೀಗೆಪುಡಿ, ಮೈಗೆ ಸೋಪು ಹಚ್ಚಿಕೊಂಡು ಕಣ್ಮುಚ್ಚಿ ನಲ್ಲಿ ತಿರುಗಿಸಿದರೆ ನೀರು ಗೊರಗೊರ ಎಂದು ನಿಂತಿತು. ಮೇಲೆ ಒಣಕಾಯಿ ಬಿದ್ದು ಒಂದೇ ಒಂದು ಗಾಜಿನ ಕೊಳವೆ ಒಡೆದಿತ್ತು. ಕೊಳವೆಗಳು ನೇರವಾಗಿ ಟ್ಯಾಂಕಿಗೇ ಸಿಕ್ಕಿಸಿರುವ ಮಾದರಿಯಲ್ಲಿ ಒಂದು ಒಡೆದರೆ ಸಾಕು, ಟ್ಯಾಂಕಿನ ಬಿಸಿನೀರೆಲ್ಲ ಆ ತೂತಿನಲ್ಲೇ ಇಳಿದುಹೋಗುತ್ತದೆ. ಸುಮಾರು ಇನ್ನೂರು ಲೀಟರು ತಾರಸಿಗೆ ಅಭ್ಯಂಜನವಾಯಿತು. ಕಣ್ಣಿನಲ್ಲಿ ಸೀಗೆಪುಡಿ ಇಟ್ಟುಕೊಂಡು ‘ಯಾರಾದ್ರೂ ಇದೀರಾ?’ ಎಂದು ಕೂಗುವ ಗೃಹಸ್ಥನ ಮರ್ಯಾದೆಯನ್ನು ಯಾವ ಖಾತೆಗೆ ಬರೆಯುವುದೋ ನನಗೆ ತಿಳಿಯಲಿಲ್ಲ. ಕಾಯಿ ಒಡೆದಿರಲಿಲ್ಲ. ಪಕ್ಕದ ಮನೆಯವರು ಸಜ್ಜನರು, ‘ಕಾಯಿ ನೀವೇ ಇಟ್ಕೊಳ್ಳಿ’ ಎಂದರು. ಒಂದು ಕೊಳವೆಯ ಬೆಲೆಗೆ ಒಂದು ಕಾಯಿ ಜಮಾ.

ಈ ಗಾಜಿನ ಕೊಳವೆಗಳ ಕೆಳತುದಿ ಕನ್ನಡಿಯ ಹಾಗೆ ಬೆಳ್ಳಗೆ ಹೊಳೆಯುತ್ತಿರಬೇಕು. ಎರಡು ಗಾಜಿನ ಪದರಗಳ ನಡುವೆ ಗಾಳಿ ತೆಗೆದು ನಿರ್ವಾತ ಮಾಡಿರುತ್ತಾರೆ, ಶಾಖ ಹೊರಗೆ ಹೋಗದಿರಲಿ ಎಂದು. ಒಳಗೆ ಗಾಳಿ ನುಗ್ಗಿದರೆ ಆ ಹೊಳಪು ಹೋಗಿ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ನೋಡುವವರಿಗೆ ಕೊಳವೆ ಸರಿಯಾಗೇ ಇದೆ, ನೀರೂ ಸೋರುವುದಿಲ್ಲ, ಕೆಲಸ ಮಾತ್ರ ಮಾಡುವುದಿಲ್ಲ. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಆಷಾಢದ ಮೋಡದಲ್ಲಿ ಸೂರ್ಯ ರಜೆ ಹಾಕುತ್ತಾನಲ್ಲ, ಅದಕ್ಕೆಂದು ಟ್ಯಾಂಕಿನೊಳಗೆ ಎರಡು ಕಿಲೋವ್ಯಾಟ್‌ನ ಕಾಯಿಲ್ ಇದೆ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ನಾಲ್ಕು ಯೂನಿಟ್ ಬೇಕು. ಇದನ್ನು ಯಾವ ಕಂಪನಿಯೂ ಬದಲಿಸಲಾರದು, ಪ್ರಕೃತಿಯ ದರಪಟ್ಟಿ ಅದು. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ದಿನಕ್ಕೆ 28 ರೂಪಾಯಿ. ಸ್ವಿಚ್ಚು ಹಾಕಿದವರು ಮರೆತು ಊರಿಗೆ ಹೋದರೆ ಲೆಕ್ಕ ಬೇರೆ. ನಮ್ಮ ಮನೆಯಲ್ಲಿ ಯಾರು ಮರೆಯುತ್ತಾರೆಂದು ಇಲ್ಲಿ ಬರೆದರೆ ಊಟಕ್ಕೆ ತೊಂದರೆ.

ಇಷ್ಟೆಲ್ಲ ದೂರು ಓದಿ ನೀವು ಗೀಸರಿನ ಕಡೆ ಒಲಿದುಬಿಡಬೇಡಿ. ಕೊಳವೆ, ಕಡ್ಡಿ, ಸುಣ್ಣ, ಸರ್ವೀಸು, ಮೋಡದ ದಿನದ ಕರೆಂಟು ಎಲ್ಲ ಕೂಡಿ ಒಂದು ಹಾಳೆಯ ಮೇಲೆ ಹಾಕಿದೆ. ಬಿಸಿಲಿನ ಒಂದೊಂದು ದಿನವೂ ನಾಲ್ಕು ಯೂನಿಟ್ ಉಳಿಸುತ್ತದೆ, ಬೆಂಗಳೂರಲ್ಲಿ ಬಿಸಿಲಿಗೆ ಬರವಿಲ್ಲ. ಕೊನೆಗೂ ಸೋಲಾರೇ ಗೆದ್ದಿತು, ಅದೂ ಸಲೀಸಾಗಿ. ಆದರೆ ಗೆಲ್ಲುವುದು ಬೇರೆ, ಬಿಟ್ಟಿ ಬೇರೆ. ಹಾಳೆಗೆ ಸೇರಿಸಲಾಗದ ಇನ್ನೊಂದು ವಿಷಯವಿದೆ. ಗೀಸರು ಇದ್ದಾಗ ಅರ್ಧ ಬಕೆಟ್ಟಿನಲ್ಲಿ ಮಿಂದು ಬರುತ್ತಿದ್ದ ಮಗರಾಯ, ಸೋಲಾರ್ ಬಂದ ಮೇಲೆ ಶವರಿನಡಿ ನಿಂತು ಇಡೀ ಆಲ್ಬಮ್ಮು ಹಾಡಿ ಮುಗಿಸುತ್ತಾನೆ. ‘ಸೋಲಾರ್ ಅಲ್ವಾ ಅಪ್ಪಾ, ಫ್ರೀ!’

ಅಜ್ಜಿಮನೆಯ ಬಚ್ಚಲಲ್ಲಿ ಹಾಡುವ ಪ್ರಶ್ನೆಯೇ ಇರಲಿಲ್ಲ, ಬಾಯಿ ತೆರೆದರೆ ಹೊಗೆ. ಮಲೆನಾಡಿನ ಆ ಬಚ್ಚಲಿನ ತಾಮ್ರದ ಹಂಡೆ ಅಜ್ಜನ ಅಪ್ಪ ತಂದದ್ದಂತೆ. ಉರಿಸಲು ಅಡಿಕೆಸಿಪ್ಪೆ, ಸೋಗೆ, ತೆಂಗಿನ ಮಟ್ಟೆ, ಎಲ್ಲ ತೋಟದ್ದೇ. ನೀರು ತುಂಬುವ ಹಬ್ಬಕ್ಕೆ ಹುಣಸೆಹುಳಿ ಹಾಕಿ ತಿಕ್ಕಿ, ಕೊರಳಿಗೆ ಬಳ್ಳಿ ಸುತ್ತಿ, ಮೈಗೆ ಸುಣ್ಣ-ಕೆಮ್ಮಣ್ಣಿನ ಗೆರೆ ಎಳೆದರೆ ಅದೇ ಅದರ ವಾರ್ಷಿಕ ಸರ್ವೀಸು. ಮೂರು ತಲೆಮಾರು ಕಾದ ಮೇಲೂ ತೂಕಕ್ಕೆ ಹಾಕಿದರೆ ದುಡ್ಡು ಬರುವಂಥದ್ದು. ಆಸ್ತಿ ಪಾಲಾಗುವಾಗ ಎರಡು ಗುಂಟೆ ಗದ್ದೆಗೆ ಜಗಳವಾಡದ ಅಣ್ಣತಮ್ಮಂದಿರು ಹಂಡೆ ಯಾರಿಗೆ ಎಂಬಲ್ಲಿ ಮಾತು ಬಿಟ್ಟರು. ಹೊಟ್ಟೆಕಿಚ್ಚಾಗುವಷ್ಟು ಅಗ್ಗದ ಬಿಸಿನೀರು ಅದು.

ಅಜ್ಜಿಯನ್ನು ಕೇಳಿದ್ದರೆ ಬೇರೆ ಲೆಕ್ಕ ಸಿಗುತ್ತಿತ್ತು. ಐದು ಗಂಟೆಗೆ ಎದ್ದು ಒದ್ದೆ ಸಿಪ್ಪೆಯನ್ನು ಊದಿ ಊದಿ ಹೊತ್ತಿಸುತ್ತಿದ್ದವರು ಅವರು. ಮಳೆಗಾಲದಲ್ಲಿ ಸದಾ ಕೆಂಪಾಗಿರುತ್ತಿದ್ದ ಆ ಕಣ್ಣುಗಳನ್ನು ‘ವಯಸ್ಸಾಯ್ತಲ್ಲ’ ಎಂದು ಎಲ್ಲರೂ ತೇಲಿಸಿಬಿಡುತ್ತಿದ್ದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರ ಶುರುಮಾಡಿದರು. ಅಜ್ಜಿಯದರಂಥ ಹಳ್ಳಿಯ ಒಲೆಗೆ ವಿಜ್ಞಾನಿಗಳು ಬಗ್ಗಿ ನೋಡಿದ್ದು ಅಲ್ಲಿ. ಅದರಿಂದ ಹುಟ್ಟಿದ ಅಸ್ತ್ರ ಒಲೆ ಕಡಿಮೆ ಸೌದೆ ತಿನ್ನುತ್ತಿತ್ತು, ಹೊಗೆಯನ್ನು ಕೊಳವೆಯಿಂದ ಮಾಡಿನಾಚೆ ಕಳಿಸುತ್ತಿತ್ತು. ಸೌದೆ ಉಳಿಯುತ್ತದೆ ಎಂದು ಗಂಡಸರು ಒಪ್ಪಿದರು, ಹೊಗೆ ಹೋಗುತ್ತದೆ ಎಂದು ಹೆಂಗಸರು ಹಾಕಿಸಿಕೊಂಡರು. ಒಂದೇ ಒಲೆಯ ಖರ್ಚು ಇಬ್ಬರ ಪುಸ್ತಕದಲ್ಲಿ ಎರಡು ರೀತಿ ಬರೆಯಲ್ಪಟ್ಟಿರುತ್ತದೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ, ಅದೂ ಸುಣ್ಣದ ಪುಡಿ ಗುಡಿಸುವ ಪೊರಕೆ ನನ್ನ ಕೈಗೆ ಬಂದಾಗ.

ಕೊಂಡ ಬೆಲೆಯ ಜೊತೆಗೆ ಸಾಕುವ ಖರ್ಚನ್ನೆಲ್ಲ ಕೂಡಿಸುವ ಈ ಲೆಕ್ಕಕ್ಕೆ ದೊಡ್ಡವರು ಜೀವಿತಾವಧಿ ವೆಚ್ಚ ಎಂದು ಗಂಭೀರ ಹೆಸರಿಟ್ಟಿದ್ದಾರೆ. 1960ರ ದಶಕದಲ್ಲಿ ಅಮೆರಿಕದ ಸೇನೆಗೆ ಸಾಮಾನು ಕೊಳ್ಳುವವರು ಇದರ ಬಗ್ಗೆ ತಲೆ ಕೆಡಿಸಿಕೊಂಡರು. ಅಗ್ಗಕ್ಕೆ ಕೊಂಡ ಯಂತ್ರ ರಿಪೇರಿಯಲ್ಲೇ ಖಜಾನೆ ನುಂಗುತ್ತಿತ್ತು. 1987ರಲ್ಲಿ ಗಾರ್ಟ್ನರ್ ಎಂಬ ಸಂಸ್ಥೆ ಕಚೇರಿಯ ಕಂಪ್ಯೂಟರುಗಳ ಮೇಲೆ ಇದೇ ಲೆಕ್ಕ ಹಾಕಿ, ಪೆಟ್ಟಿಗೆಯ ಬೆಲೆ ಚಿಕ್ಕ ಪಾಲು, ಅದನ್ನು ಸಾಕುವುದೇ ದೊಡ್ಡದು ಎಂದಿತು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಕೊಳ್ಳುತ್ತಿದ್ದ ರೈತ ಇದನ್ನು ಕೇಳಿದರೆ ‘ಇಷ್ಟು ತಡವಾಯ್ತೇ?’ ಎನ್ನುತ್ತಿದ್ದ. ಅವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿತೋ ಎಂದರೆ ಇನ್ನೆಷ್ಟು ವರ್ಷದ ದುಡಿಮೆ ಉಳಿದಿದೆ ಎಂದು ಅಳೆದಂತೆ. ಆಮೇಲೆ ಎಷ್ಟು ಮೇವು ತಿನ್ನುತ್ತದೆ, ಹಾಯುತ್ತದೋ, ಸುಳಿ ಸರಿಯಿದೆಯೋ, ಕೊನೆಗೆ ಮಾರಿದರೆ ಏನು ಸಿಕ್ಕೀತು. ಟವೆಲ್ಲಿನಡಿ ದಲ್ಲಾಳಿಯ ಬೆರಳು ಹಿಡಿಯುವ ಹೊತ್ತಿಗೆ ಇದೆಲ್ಲ ಮುಗಿದಿರುತ್ತಿತ್ತು. ಸಗಣಿಯನ್ನೂ ಜಮಾ ಬದಿಯಲ್ಲಿ ಹಿಡಿಯುತ್ತಿದ್ದ. ಸುಳಿಯ ಲೆಕ್ಕ ಮಾತ್ರ ಗಾರ್ಟ್ನರ್‌ನವರಿಗೆ ಇನ್ನೂ ದಕ್ಕಿಲ್ಲ.

ಪುಸ್ತಕಗಳಲ್ಲಿ ಈ ಲೆಕ್ಕದ ಕಷ್ಟದ ಭಾಗ ಎಂದರೆ ಮುಂದೆ ಬರುವ ರೂಪಾಯಿಯನ್ನು ಇಂದಿನ ರೂಪಾಯಿಗೆ ಇಳಿಸಿ ನೋಡುವುದು. ಹತ್ತು ವರ್ಷದ ನಂತರ ಕೊಡಬೇಕಾದ ಸಾವಿರಕ್ಕೆ ಇಂದಿನ ಸಾವಿರದಷ್ಟು ತೂಕವಿಲ್ಲ. ಅರ್ಥಶಾಸ್ತ್ರದ ಮೇಷ್ಟರು ಸೂತ್ರ ಬರೆದು ಬೆವರುತ್ತಾರೆ. ನಮ್ಮ ಬೀದಿಯ ಹೆಂಗಸರು ಚೀಟಿ ನಡೆಸುತ್ತ ಇದನ್ನೇ ಬಾಯಲ್ಲಿ ಮಾಡಿ ಮುಗಿಸುತ್ತಾರೆ. ಚೀಟಿಯನ್ನು ಮೊದಲ ತಿಂಗಳೇ ಎತ್ತುವವಳು ಹೆಚ್ಚು ತಳ್ಳಿ ಕೂಗಿ, ಕಡಿಮೆ ದುಡ್ಡು ಕೈಗೆ ತೆಗೆದುಕೊಳ್ಳುತ್ತಾಳೆ. ಕೊನೆಯವರೆಗೂ ಕಾದವಳಿಗೆ ಪೂರ್ತಿ. ಇಂದಿನ ದುಡ್ಡಿಗೆ ಅವಸರದ ಬೆಲೆಯಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿಲ್ಲ. ಅಗ್ಗದ ಸಾಮಾನು ಕೊಳ್ಳುವವರನ್ನೆಲ್ಲ ದಡ್ಡರೆನ್ನುವ ಪಂಡಿತರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಮಗಳ ಫೀಸಿಗೆಂದು ಚೀಟಿ ಎತ್ತಿದವಳಿಗೆ ಬಾಳಿಕೆಯ ಲೆಕ್ಕ ಗೊತ್ತಿಲ್ಲವೆಂದಲ್ಲ, ಕಾಯಲು ಕೈಯಲ್ಲಿ ಕಾಸಿಲ್ಲ.

ಬಾಳಿಕೆಯ ಮಾತು ಬಂದದ್ದಕ್ಕೆ, ಬಲ್ಬಿನ ಕತೆ ಕೇಳಿದ್ದೀರಾ? 1924ರ ಕೊನೆಯಲ್ಲಿ ಜಗತ್ತಿನ ದೊಡ್ಡ ಬಲ್ಬು ಕಂಪನಿಗಳು ಜಿನೀವಾದಲ್ಲಿ ಸೇರಿ, ಫೀಬಸ್ ಎಂಬ ಕೂಟ ಕಟ್ಟಿಕೊಂಡು, ಬಲ್ಬು ಸಾವಿರ ಗಂಟೆಗಿಂತ ಹೆಚ್ಚು ಬಾಳಬಾರದು ಎಂದು ಒಪ್ಪಂದ ಮಾಡಿಕೊಂಡವು. ಹೆಚ್ಚು ಬಾಳುವ ಬಲ್ಬು ಮಾಡಿದವನಿಗೆ ದಂಡ! ಕೇಳಿದವರೆಲ್ಲ ಹಲ್ಲು ಕಡಿಯುತ್ತಾರೆ, ನಾನೂ ಕಡಿದೆ. ಆಮೇಲೆ ತಿಳಿದದ್ದು ಇದು: ಹಳೆಯ ತಂತಿ ಬಲ್ಬು ಹೆಚ್ಚು ದಿನ ಬಾಳಬೇಕಾದರೆ ತಂತಿ ಕಡಿಮೆ ಕಾಯಬೇಕು, ಕಡಿಮೆ ಕಾದರೆ ಅದೇ ಕರೆಂಟಿಗೆ ಬೆಳಕು ಕಡಿಮೆ. ಅರವತ್ತು ವ್ಯಾಟಿನ ಬಲ್ಬು ಸಾವಿರ ಗಂಟೆಗೆ 60 ಯೂನಿಟ್ ಕುಡಿಯುತ್ತದೆ, ಅದೇ 7 ರೂಪಾಯಿ ದರದಲ್ಲಿ 420 ರೂಪಾಯಿ. ಬಲ್ಬಿನ ಬೆಲೆ ಅದರ ಮುಂದೆ ಚಿಲ್ಲರೆ. ಅಂದರೆ ನೂರು ವರ್ಷ ಬಾಳುವ ಮಂದ ಬಲ್ಬು ಕೊಂಡವನೇ ಹೆಚ್ಚು ಕಳೆದುಕೊಳ್ಳುತ್ತಿದ್ದ. ಕೂಟದವರ ಉದ್ದೇಶ ಕೆಟ್ಟದ್ದೇ, ಲೆಕ್ಕ ಮಾತ್ರ ಪೂರ್ತಿ ಸುಳ್ಳಲ್ಲ. ಹೀಗೆ ಖಳನಾಯಕನ ಕಡೆಗೂ ಒಂದು ಅಂಕ ಬೀಳುವುದರಿಂದಲೇ ಈ ವಿಷಯದ ಮೇಲೆ ಒಳ್ಳೆಯ ಸಿನಿಮಾ ಬಂದಿಲ್ಲವೆಂದು ಕಾಣುತ್ತದೆ. ಅಷ್ಟೇ ಬೆಳಕಿಗೆ 9 ವ್ಯಾಟಿನ ಎಲ್‌ಇಡಿ ಸಾವಿರ ಗಂಟೆಗೆ 63 ರೂಪಾಯಿಯ ಕರೆಂಟಿನಲ್ಲಿ ಮುಗಿಸುತ್ತದೆ. ಆದರೂ ಅಂಗಡಿಯಲ್ಲಿ ನಾವು ಚೌಕಾಸಿ ಮಾಡುವುದು ಬಲ್ಬಿನ ಬೆಲೆಗೆ.

ಸರ್ಕಾರವೂ ನಮ್ಮಂತೆಯೇ. ಟೆಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ಬರೆದವನು ‘ಎಲ್-ಒನ್’, ಕೆಲಸ ಅವನಿಗೆ. ರಸ್ತೆ ಮುಂದಿನ ಮಳೆಗೆ ಏನಾಗುತ್ತದೆ ಎಂಬುದು ಆ ಕಾಲಂನಲ್ಲಿ ಇರುವುದಿಲ್ಲ. ಆದರೆ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ಸುಗಳ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ಬಸ್ಸನ್ನೇ ಕೊಳ್ಳದೆ, ಹನ್ನೆರಡು ವರ್ಷ ಓಡಿಸಿ, ಕಿಲೋಮೀಟರಿಗೆ ಇಷ್ಟು ತಗೊಳ್ಳಿ ಎಂದಿತು. ಬಸ್ಸು ಕೆಟ್ಟು ನಿಂತರೆ ನಷ್ಟ ಅದನ್ನು ಮಾಡಿದವನಿಗೇ. ಮಾಡುವವನೂ ಸಾಕುವವನೂ ಒಬ್ಬನೇ ಆದಾಗ ನಟ್ಟು ಬೋಲ್ಟು ಬಿಗಿಯುವ ಕೈಗೂ ಸ್ವಲ್ಪ ಶ್ರದ್ಧೆ ಬರುತ್ತದೆ. ನನ್ನ ಸೋಲಾರನ್ನೂ ಹಾಗೇ, ಬಕೆಟ್ಟಿಗೆ ಇಷ್ಟು ಎಂದು ಹಾಕಿಸಿಕೊಳ್ಳುವಂತಿದ್ದರೆ ಮಾರಿದವನು ಆ ಪೈಪಿಗೆ ತನ್ನ ಕಂಬಳಿಯನ್ನೇ ಹೊದಿಸುತ್ತಿದ್ದನೇನೋ.

ಪೈಪಿನ ಮಾತು ಬಂತಲ್ಲ, ಆ ಎಂಟು ಸಾವಿರ ಲೀಟರಿನ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. ಬೆಂಗಳೂರಿಗೆ ಮೊದಲು, 1890ರ ದಶಕದಲ್ಲಿ, ಹೆಸರಘಟ್ಟದಿಂದ ನೀರು ಬಂತು. ಆಮೇಲೆ ತಿಪ್ಪಗೊಂಡನಹಳ್ಳಿಯಿಂದ. ಅವೆರಡೂ ಸಾಲದೆ 1974ರಲ್ಲಿ ಕಾವೇರಿ ಬಂದಳು. 2024ಕ್ಕೆ ಐದನೆಯ ಹಂತವೂ ಮುಗಿಯಿತು. ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ, ಪಂಪು ತಳ್ಳುತ್ತಲೇ ಇರಬೇಕು. ಪೈಪು ಹೂಳಲು ಸಾಲ ಮಾಡಿದ್ದು ಒಂದು ದಿನ ತೀರೀತು. ಜಲಮಂಡಳಿಯ ಕರೆಂಟು ಬಿಲ್ಲು ತೀರುವಂಥದ್ದಲ್ಲ. ಸಾವಿರ ಲೀಟರನ್ನು ಅಷ್ಟು ಎತ್ತಲು ಪಂಪಿನ ನಷ್ಟ ಸೇರಿ ಹೆಚ್ಚುಕಡಿಮೆ ಎರಡು ಯೂನಿಟ್. ನಮ್ಮ ದಾಸವಾಳದ ಎಂಟು ಸಾವಿರ ಲೀಟರೆಲ್ಲ ಕಾವೇರಿಯದೇ ಎಂದು ಹಿಡಿದರೆ ವರ್ಷಕ್ಕೆ ಹದಿನಾರು ಯೂನಿಟ್. ನನಗೆ ಬರುವ ಸೋಲಾರ್ ರಿಯಾಯಿತಿಯನ್ನು ಒಂದು ಕಡೆ ಜಮಾ ಮಾಡಿಕೊಂಡು, ಅತ್ತ ಕಾವೇರಿಯನ್ನು ಬೆಂಗಳೂರಿಗೆ ತಳ್ಳುವ ತೊರೆಕಾಡನಹಳ್ಳಿಯ ಪಂಪಿನ ಬಿಲ್ಲಿಗೆ ನಾನೇ ಕೈಲಾದಷ್ಟು ಸೇರಿಸುತ್ತಿದ್ದೇನೆ.

ಮೊನ್ನೆ ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಮಾರಲು ಒಬ್ಬ ಹುಡುಗ ಬಂದಿದ್ದ. ಒಳ್ಳೆಯ ಮಾತುಗಾರ. ಅಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವನು ‘ಒಂದ್ಸಲ ಹಾಕಿಸ್ಬಿಟ್ರೆ’ ಎನ್ನುವಷ್ಟರಲ್ಲಿ, ‘ಕೂತ್ಕೋಪ್ಪಾ. ಅದ್ರಲ್ಲಿ ಬದಲಾಯಿಸೋದು ಏನೇನಿದೆ, ಅದು ಹೇಳು ಮೊದ್ಲು’ ಎಂದರು.

ಅವನು ಹೇಳಿದ. ಕ್ಯಾಂಡಲ್ಲು, ಕಾರ್ಬನ್ನು, ಮೆಂಬ್ರೇನು, ವರ್ಷಕ್ಕೊಂದು ಎಎಂಸಿ.

‘ಒಂದು ಬಿಂದಿಗೆ ಕೊಟ್ರೆ ಎಷ್ಟು ಬಿಂದಿಗೆ ಚೆಲ್ಲುತ್ತೆ?’

‘ಎರಡು, ಮೂರು ಹೋಗುತ್ತಮ್ಮಾ. ಪಾತ್ರೆ ತೊಳ್ಕೋಬಹುದು.’

‘ಸರಿ. ಐದು ವರ್ಷಕ್ಕೆ ಎಲ್ಲಾ ಸೇರಿ ಎಷ್ಟಾಯ್ತು? ಕೂಡಿ ಹೇಳು, ಅವಸರ ಇಲ್ಲ.’

ಹುಡುಗ ಮೊಬೈಲು ತೆಗೆದು ಕೂಡಿದ. ಮತ್ತೊಮ್ಮೆ ಕೂಡಿದ. ಉತ್ತರ ಕಂಡು ಅವನ ಹುಬ್ಬೇ ಮೇಲೇರಿತು. ಯಾರೂ ಅವನನ್ನು ಈ ಲೆಕ್ಕ ಕೇಳಿರಲಿಲ್ಲವೆಂದು ಕಾಣುತ್ತದೆ. ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, ಆಚೀಚೆ ನೋಡಿ, ದನಿ ತಗ್ಗಿಸಿ, ‘ನಮ್ಮನೇಲಿ ಕಾಯಿಸಿ ಆರಿಸಿದ ನೀರೇ ಅಮ್ಮಾ’ ಎಂದ. ‘ನಮ್ಮನೇಲೂ ಅಷ್ಟೇ’ ಎಂದು ಅಮ್ಮ ಅವನ ಕೈಗೊಂದು ಹಿಡಿ ಅವರೆಕಾಳು ಹಾಕಿ ಕಳಿಸಿದರು. ಒಳಗೆ ಒಲೆಯ ಮೇಲೆ ಅಂದಿನ ನೀರು ಕುದಿಯುತ್ತಲೇ ಇತ್ತು. ಗ್ಯಾಸಿನ ಲೆಕ್ಕ ಕೇಳುವ ಧೈರ್ಯ ನಾನು ಮಾಡಲಿಲ್ಲ.